ಖಾತೆ ಪುಸ್ತಕ ಮುಚ್ಚದೆ ಶಾಸಕರಾದ ಸಾವ್ಕಾರ್ರು

ತುಂಗಭದ್ರಾ ಎಡದಂಡೆ ಕಾಲುವೆಯ ಮಗ್ಗುಲಿಗೆ ಒಂದು ಪಟ್ಟಣ. ಅಲ್ಲೊಂದು ರೈಸ್ ಮಿಲ್. ಅದರ ಮಾಲೀಕರು ವಿಧಾನಸಭೆ ಚುನಾವಣೆಗೆ ನಿಂತು ಗೆದ್ದರು, ಐದು ವರ್ಷ ಶಾಸಕರಾಗಿದ್ದರು. ನಾನು ಆ ಮಿಲ್ಲಿನಲ್ಲಿ ಹತ್ತೊಂಬತ್ತು ವರ್ಷ ಲೆಕ್ಕ ಬರೆದವನು. ಅವರು ಗೆದ್ದ ಮೇಲೆ ಬೆಳಿಗ್ಗೆ ಮಿಲ್ಲು, ಮಧ್ಯಾಹ್ನ ಶಾಸಕರ ಕಚೇರಿ, ಹೀಗೆ ಎರಡೂ ಕಡೆ ಕೂತವನು. ಊರು, ಪಕ್ಷ, ವರ್ಷ ಮೂರನ್ನೂ ಬಿಟ್ಟು ಬರೆಯುತ್ತಿದ್ದೇನೆ. ಸಾವ್ಕಾರ್ರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಇದನ್ನು ಹೊರಗೆ ಬಿಡುತ್ತಿದ್ದೇನೆ.

ಬರೆಯಲು ಕಾರಣ ಇದೆ. ನಮ್ಮ ಓಣಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಹುಡುಗನೊಬ್ಬ ಈಚೆಗೆ ಮನೆಗೆ ಬಂದು, "ಕಾಕಾ, ಮುಂದಿನ ಸಲ ನಾನೂ ನಿಲ್ಲಬೇಕಂತ ಮಾಡೀನಿ, ನೀವೇನಂತೀರಿ?" ಅಂತ ಕೇಳಿದ. ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸಾವ್ಕಾರ್ರು ಪ್ರಾಮಾಣಿಕರು. ಲಂಚ ಮುಟ್ಟಲಿಲ್ಲ. ಜನರ ಕೆಲಸಕ್ಕೆ ಓಡಾಡಿದರು. ತಪ್ಪಿದ್ದು ಒಂದೇ ಕಡೆ. ನಾಮಪತ್ರ ಕೊಡುವ ಮುಂಚೆ ವ್ಯಾಪಾರದಿಂದ ಕೈ ತೆಗೆಯಲಿಲ್ಲ. ಕಾನೂನಿನ ಪ್ರಕಾರ ತೆಗೆದರು, ಖಾತೆ ಪುಸ್ತಕದಲ್ಲಿ ತೆಗೆಯಲಿಲ್ಲ. ಅದರ ಬೆಲೆಯನ್ನು ಅವರೂ ಕೊಟ್ಟರು, ಕಾಲುವೆ ಕೊನೆಯ ಹಳ್ಳಿಗಳೂ ಕೊಟ್ಟವು.

ಮಿಲ್ಲು ಹೇಗೆ ನಡೆಯುತ್ತಿತ್ತು ಅಂತ ಗೊತ್ತಾಗದೆ ಮುಂದಿನದು ಅರ್ಥವಾಗಲ್ಲ. ನಮ್ಮ ಕಡೆ ಭತ್ತದ ಲೆಕ್ಕ 75 ಕೆ.ಜಿ. ಚೀಲದ ಮೇಲೆ. ಜೂನ್ ಜುಲೈನಲ್ಲಿ ರೈತ ಬೀಜಕ್ಕೆ, ಗೊಬ್ಬರಕ್ಕೆ, ನಾಟಿ ಕೂಲಿಗೆ ಅಂತ ಸಾವ್ಕಾರ್ರ ಹತ್ತಿರ ಉದ್ರಿ ಒಯ್ಯುತ್ತಾನೆ. ನವೆಂಬರ್ ಡಿಸೆಂಬರ್‌ನಲ್ಲಿ ಭತ್ತ ತಂದು ಇದೇ ಮಿಲ್ಲಿಗೆ ಹಾಕುತ್ತಾನೆ. ಉದ್ರಿ ಮುರಿದುಕೊಂಡು ಉಳಿದದ್ದನ್ನು ಅವನ ಕೈಗೆ ಕೊಡುತ್ತೇವೆ. ಸಾವ್ಕಾರ್ರು ಆ ದುಡ್ಡನ್ನು ಬ್ಯಾಂಕಿನ ಸಿಸಿ ಖಾತೆಯಿಂದ, ಅಂದರೆ ಸರಕಿನ ಮೇಲೆ ಒಂದು ಲಿಮಿಟ್‌ವರೆಗೆ ಸಾಲ ಕೊಡುವ ಕ್ಯಾಷ್ ಕ್ರೆಡಿಟ್ ಖಾತೆಯಿಂದ, ತೆಗೆದಿರುತ್ತಾರೆ. ತಿಂಗಳಿಗೊಮ್ಮೆ ಗೋದಾಮಿನಲ್ಲಿ ಎಷ್ಟು ಭತ್ತ, ಎಷ್ಟು ಅಕ್ಕಿ ಇದೆ ಅಂತ ಬ್ಯಾಂಕಿಗೆ ಸ್ಟಾಕ್ ಪಟ್ಟಿ ಕೊಡಬೇಕು. ಅಂದರೆ ರೈತ ಸಾವ್ಕಾರ್ರಿಗೆ ಸಾಲಗಾರ, ಸಾವ್ಕಾರ್ರು ಬ್ಯಾಂಕಿಗೆ ಸಾಲಗಾರ. ಸುಗ್ಗಿ ಬಂದರೆ ಇಬ್ಬರೂ ಬದುಕಿದರು. ಇದರಲ್ಲಿ ಮೋಸ ಏನಿಲ್ಲ. ಬ್ಯಾಂಕು ರೈತನ ಮನೆ ಬಾಗಿಲಿಗೆ ಬರದ ಕಾಲದಿಂದ ಹೀಗೇ ನಡೆದಿದೆ.

ಸಾವ್ಕಾರ್ರು ಬೆಳಿಗ್ಗೆ ಆರಕ್ಕೆ ಗಾದಿ ಮೇಲೆ ಕೂರುತ್ತಿದ್ದರು. ಭತ್ತ ಬಂದರೆ ತೇವಾಂಶ ನೋಡುವ ಮೀಟರ್ ಇಡುವ ಮುಂಚೆ ಎರಡು ಕಾಳು ಹಲ್ಲಿಗಿಟ್ಟು ಕಚ್ಚುತ್ತಿದ್ದರು. "ಹದಿನೆಂಟು ಐತಿ, ಇನ್ನೊಂದು ಬಿಸಿಲು ಬೇಕು" ಅನ್ನುತ್ತಿದ್ದರು. ಮೀಟರ್ ಇಟ್ಟರೆ ಹದಿನೆಂಟೇ ಬರುತ್ತಿತ್ತು. ತೂಕದಲ್ಲಿ ಯಾವತ್ತೂ ಕೈ ಆಡಿಸಿದವರಲ್ಲ. ಆ ಹೆಸರೇ ಅವರನ್ನು ಚುನಾವಣೆಗೆ ಎಳೆದು ತಂದದ್ದು. ಎರಡು ಲಕ್ಷಕ್ಕಿಂತ ಜಾಸ್ತಿ ಮತದಾರರಿರುವ ಕ್ಷೇತ್ರದಲ್ಲಿ, ತೂಕ ಸರಿ ಹಾಕುವ ಮನುಷ್ಯ ಅಂತ ಒಬ್ಬರ ಹೆಸರು ಮನೆಮನೆಗೂ ಗೊತ್ತಿರುವುದು ಸಣ್ಣ ಮಾತಲ್ಲ.

ಟಿಕೆಟ್ ಹೇಗೆ ಬಂತು, ಯಾರು ಯಾರ ಹತ್ತಿರ ಹೋದರು ಅನ್ನುವುದನ್ನು ಇಲ್ಲಿ ಬಿಡುತ್ತೇನೆ. ಅದು ಎಲ್ಲ ಊರಿನಲ್ಲೂ ಒಂದೇ ಥರ. ನಾಮಪತ್ರದ ಹಿಂದಿನ ದಿನಗಳ ಕಥೆ ಮಾತ್ರ ಹೇಳಲೇಬೇಕು.

ನಮ್ಮ ಮಿಲ್ಲು ಸರ್ಕಾರದ ಭತ್ತವನ್ನೂ ಅಕ್ಕಿ ಮಾಡಿಕೊಡುತ್ತಿತ್ತು. ಬೆಂಬಲ ಬೆಲೆಯಲ್ಲಿ ಖರೀದಿ ಕೇಂದ್ರ ಕೊಂಡ ಭತ್ತ ಮಿಲ್ಲಿಗೆ ಬರುತ್ತದೆ. ಒಂದು ಕ್ವಿಂಟಲ್ ಭತ್ತಕ್ಕೆ 67 ಕೆ.ಜಿ. ಅಕ್ಕಿ ತಿರುಗಿ ಕೊಡಬೇಕು. ಅದಕ್ಕೆ ಕರಾರು ಪತ್ರ ಇರುತ್ತದೆ. ವಕೀಲರು ಆ ಪತ್ರ ನೋಡಿದ ಕೂಡಲೇ ಕನ್ನಡಕ ತೆಗೆದು ಕೆಳಗಿಟ್ಟರು. 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ 9ಎ ಅಂತ ಒಂದು ಕಲಂ ಇದೆ. ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಸರ್ಕಾರದ ಕೆಲಸ ಮಾಡಿಕೊಡುವ ಕರಾರು ವ್ಯಾಪಾರದ ಭಾಗವಾಗಿ ಚಾಲ್ತಿಯಲ್ಲಿದ್ದರೆ, ಅದು ಇರುವಷ್ಟು ಕಾಲ ಆ ಮನುಷ್ಯ ಅನರ್ಹ. ತನ್ನ ಪಾಲಿನ ಕೆಲಸ ಪೂರ್ತಿ ಮುಗಿಸಿ, ಸರ್ಕಾರದಿಂದ ಬರುವ ದುಡ್ಡು ಮಾತ್ರ ಬಾಕಿ ಇದ್ದರೆ ತೊಂದರೆಯಿಲ್ಲ. "ಅಕ್ಕಿ ಮಾಡಿಕೊಡೋ ಕರಾರು ಈ ಕಲಮಿನೊಳಗೆ ಬರುತ್ತೋ ಇಲ್ಲವೋ ಅಂತ ವಾದ ಮಾಡಬಹುದು ಸಾವ್ಕಾರ್ರೆ. ಆದರೆ ಗೆದ್ದ ಮೇಲೆ ಕೋರ್ಟಿನಲ್ಲಿ ನಿಂತು ವಾದ ಮಾಡೋ ಪಾಡು ಯಾಕೆ?" ಅಂದರು ವಕೀಲರು.

ಹಗಲು ರಾತ್ರಿ ಮಿಲ್ಲು ಓಡಿಸಿದೆವು. ಬಾಕಿ ಅಕ್ಕಿ ಎಲ್ಲಾ ಗೋದಾಮಿಗೆ ಮುಟ್ಟಿಸಿ, ಲೆಕ್ಕ ಚುಕ್ತಾ ಆಯಿತು ಅಂತ ಪತ್ರ ತಂದೆವು. ಸಾವ್ಕಾರ್ರು ಪಾಲುದಾರಿಕೆಯಿಂದ ಹೊರಬಂದರು. ತಮ್ಮನ ಜೊತೆ ಮಗನ ಹೆಸರು ಸೇರಿತು. ಪಾಲುದಾರ ಹೊರಬಂದದ್ದು ಜಗತ್ತಿಗೆ ತಿಳಿಯುವಂತೆ ಪ್ರಕಟಣೆ ಕೊಡಬೇಕು. ಕೊಡದಿದ್ದರೆ 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಹೊರಗಿನವರಿಗೆ ಅವನ ಹೊಣೆ ಹಾಗೇ ಉಳಿಯುತ್ತದೆ. ಅದನ್ನೂ ಕೊಟ್ಟೆವು. ಎಲ್ಲಾ ಸೇರಿ ಎರಡು ವಾರದ ಕೆಲಸ. ನಮಗೆಲ್ಲ ಸಮಾಧಾನ ಆಯಿತು.

ಉಳಿದದ್ದು ಬ್ಯಾಂಕು. ಸಿಸಿ ಖಾತೆಗೆ ಸಾವ್ಕಾರ್ರ ಸ್ವಂತ ಜಾಮೀನು ಇತ್ತು. ಅದನ್ನು ಬಿಡಿಸಿಕೊಡಿ ಅಂತ ಕೇಳಲು ಹೋದಾಗ ಮ್ಯಾನೇಜರ್ ಮರ್ಯಾದೆಯಿಂದಲೇ ಹೇಳಿದರು. "ಹುಡುಗನ ಹೆಸರಿನ ಮೇಲೆ ಇಷ್ಟು ಲಿಮಿಟ್ ಕೊಡೋಕಾಗಲ್ಲ ಸರ್. ನಿಮ್ಮ ಜಾಮೀನು ಇರಲಿ, ಇಲ್ಲಾಂದ್ರೆ ಲಿಮಿಟ್ ಇಳಿಸಬೇಕಾಗುತ್ತೆ." ಲಿಮಿಟ್ ಇಳಿದರೆ ಆ ಜೂನಿನಲ್ಲಿ ರೈತರಿಗೆ ಉದ್ರಿ ಕೊಡಲಿಕ್ಕೆ ಆಗಲ್ಲ. ಚುನಾವಣೆ ವರ್ಷದಲ್ಲಿ ಉದ್ರಿ ಇಲ್ಲ ಅನ್ನಲಿಕ್ಕೆ ಆಗುತ್ತಾ? ಜಾಮೀನು ಹಾಗೇ ಉಳಿಯಿತು. ಅವತ್ತು ನನಗೂ ಅದು ದೊಡ್ಡದು ಅನಿಸಲಿಲ್ಲ. ಮಿಲ್ಲು ಮುಳುಗಿದರೆ ಶಾಸಕರ ಮನೆಯೇ ಮುಳುಗುತ್ತದೆ ಅನ್ನುವ ಒಂದು ದಾರ ಅಲ್ಲಿ ಉಳಿಯಿತು. ಅದಕ್ಕೆ ಯಾವ ಕಾನೂನಿನ ಅಡ್ಡಿಯೂ ಇರಲಿಲ್ಲ.

ಗೆದ್ದರು. ಮೊದಲ ವರ್ಷ ಅವರು ಮಾಡಿದ ಕೆಲಸ ನೆನೆದರೆ ಈಗಲೂ ನನಗೆ ಹೆಮ್ಮೆ. ವ್ಯಾಪಾರಿ ಶಾಸಕನಾದರೆ ಏನು ಲಾಭ ಅನ್ನುವುದು ಅಲ್ಲಿ ಕಂಡಿತು. ಒಂದು ಖರೀದಿ ಕೇಂದ್ರದಲ್ಲಿ ತೇವಾಂಶ ಜಾಸ್ತಿ ಅಂತ ರೈತರ ಭತ್ತ ತಿರುಗಿಸಿ ಕಳಿಸುತ್ತಿದ್ದರು. ನಿಯಮದ ಪ್ರಕಾರ 17 ಪರ್ಸೆಂಟ್‌ವರೆಗೆ ತಗೊಳ್ಳಬೇಕು. ಸಾವ್ಕಾರ್ರು ಹೇಳದೆ ಕೇಳದೆ ಅಲ್ಲಿಗೆ ಹೋಗಿ, ಚೀಲದಿಂದ ಎರಡು ಕಾಳು ತೆಗೆದು ಕಚ್ಚಿ, "ಇದು ಹದಿನೈದು ದಾಟಿಲ್ಲ, ಮೀಟರ್ ಬದಲಿಸ್ರಿ" ಅಂದರು. ಬೇರೆ ಮೀಟರ್ ತಂದು ಇಟ್ಟರು. ಹದಿನೈದಕ್ಕೆ ಒಂಚೂರು ಕಡಿಮೆ ಬಂತು. ಆ ದಿನ ಸಂಜೆವರೆಗೆ ಅಲ್ಲೇ ಒಂದು ಚೀಲದ ಮೇಲೆ ಕೂತಿದ್ದರು.

ಸರ್ಕಾರದ ಲೆಕ್ಕವನ್ನೂ ಅವರು ಅಂಗಡಿ ಲೆಕ್ಕದ ಥರವೇ ಓದುತ್ತಿದ್ದರು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ನಮ್ಮ ಭಾಗದ ಅಭಿವೃದ್ಧಿ ಮಂಡಳಿಗೆ ದುಡ್ಡು ಬರುತ್ತದೆ. ಎಷ್ಟು ಘೋಷಣೆ ಆಯಿತು ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ಇವರು ಬಿಡುಗಡೆ ಎಷ್ಟು, ಖರ್ಚು ಎಷ್ಟು, ಉಳಿದದ್ದು ಯಾವ ಖಾತೆಯಲ್ಲಿ ಕೂತಿದೆ ಅಂತ ಕೇಳುತ್ತಿದ್ದರು. ಸಭೆಗೆ ಹೋಗುವ ಮುಂಚೆ ನನ್ನ ಕೈಲಿ ಮೂರು ಕಾಲಂ ಹಾಕಿಸಿ ಬರೆಸುತ್ತಿದ್ದರು. ಎಷ್ಟೋ ಸಲ ಅಧಿಕಾರಿಗಳ ಹತ್ತಿರ ಮೂರನೇ ಕಾಲಮಿಗೆ ಉತ್ತರ ಇರುತ್ತಿರಲಿಲ್ಲ. ಲೋಕಾಯುಕ್ತರಿಗೆ ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ಪಟ್ಟಿ ಕೊಡಬೇಕು ಅನ್ನುವ ನಿಯಮವನ್ನೂ ಒಂದು ವರ್ಷ ತಪ್ಪಿಸಲಿಲ್ಲ. ಮೇ ತಿಂಗಳಲ್ಲೇ ಬರೆಸಿ ಇಡುತ್ತಿದ್ದರು.

ಆದರೆ ಮಿಲ್ಲಿನ ಗಾದಿ ಬಿಡಲಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತು ಅಲ್ಲೇ. ಜನರೂ ಅಲ್ಲಿಗೇ ಬರತೊಡಗಿದರು. ಮೊದಲು ಬಂದವನು ಭತ್ತದ ರೇಟು ಕೇಳುತ್ತಿದ್ದ. ಈಗ ವಿಧವಾ ವೇತನ, ಕರೆಂಟಿನ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟದ್ದು, ಮಗಳ ಮದುವೆ, ಜಾತ್ರೆಯ ದೇಣಿಗೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ರೂಪಾಯಿಯೂ ಶಾಸಕರ ಕೈಗೆ ಬರಲ್ಲ ಅನ್ನುವುದು ಗೊತ್ತಿಲ್ಲ. ಶಾಸಕರು ಕೆಲಸ ಸೂಚಿಸುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ, ಏಜೆನ್ಸಿ ಕೆಲಸ ಮಾಡುತ್ತದೆ. ಮದುವೆಗೆ, ಆಸ್ಪತ್ರೆಗೆ ಅಂತ ಕೊಟ್ಟದ್ದೆಲ್ಲ ಮಿಲ್ಲಿನ ಗಲ್ಲಾದಿಂದ ಹೋಯಿತು. ನಾನೇ ಎಣಿಸಿ ಕೊಟ್ಟಿದ್ದೇನೆ.

ಅದಕ್ಕಿಂತ ದೊಡ್ಡ ಪೆಟ್ಟು ಉದ್ರಿಯದ್ದು. ಮೊದಲು ರೈತ ಬಾಕಿ ಇಟ್ಟುಕೊಂಡರೆ ನಾಚಿಕೆ ಪಡುತ್ತಿದ್ದ. ನಮ್ಮ ಮಿಲ್ಲಿನ ಮುಂದೆ ಹಾದು ಹೋಗುವಾಗ ತಲೆ ತಗ್ಗಿಸುತ್ತಿದ್ದ. ಈಗ ವಸೂಲಿಗೆ ಹೋದರೆ, "ಅಣ್ಣಾರು ಎಮ್ಮೆಲ್ಲೆ ಆಗ್ಯಾರ, ನಮ್ಮ ಈಟು ರೊಕ್ಕ ಅವರಿಗೆ ಯಾವ ಲೆಕ್ಕರಿ?" ಅನ್ನತೊಡಗಿದ. ಜೋರು ಮಾಡಿದರೆ ಅದು ವೋಟು. ಬಿಟ್ಟರೆ ಅದು ಬ್ಯಾಂಕು. ಆ ಎರಡರ ನಡುವೆ ನಾನು ದಿನಾ ಸೈಕಲ್ ತುಳಿದಿದ್ದೇನೆ.

ಈಗ ಆ ಅಕ್ಟೋಬರ್‌ಗೆ ಬರುತ್ತೇನೆ.

ಹೊರಗಿನವರಿಗೆ ಕಾಲುವೆಯ ವಿಷಯ ಒಂದಿಷ್ಟು ಹೇಳಬೇಕು. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಮೊದಲು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105 ಟಿಎಂಸಿ ಚಿಲ್ಲರೆ. ಎಡದಂಡೆ ಕಾಲುವೆ ಕೊಪ್ಪಳ ಜಿಲ್ಲೆಯಿಂದ ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಹಾದು ರಾಯಚೂರಿನತ್ತ ಹೋಗುತ್ತದೆ. ಮಾಡುವಾಗ ಇದ್ದ ಲೆಕ್ಕವೇ ಬೇರೆ. ಬರಗಾಲದ ಸೀಮೆಗೆ ಸ್ವಲ್ಪ ಸ್ವಲ್ಪ ನೀರು, ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ, ಜಾಸ್ತಿ ಜನಕ್ಕೆ ಮುಟ್ಟಲಿ ಅಂತ. ಆಮೇಲೆ ಆಂಧ್ರದ ರೈತರು ನೆಲೆಸಿದ ಕ್ಯಾಂಪುಗಳು ಬಂದವು, ಭತ್ತ ಬಂತು, ಸೋನಾ ಮಸೂರಿ ಬಂತು. ಮೇಲ್ಭಾಗದಲ್ಲಿ ಗದ್ದೆ ತುಂಬ ನೀರು ನಿಲ್ಲುತ್ತದೆ. ಕೊನೆ ಭಾಗಕ್ಕೆ ಹೋಗುವಷ್ಟರಲ್ಲಿ ಕಾಲುವೆ ತಳ ಕಾಣುತ್ತದೆ. ನಮ್ಮಂಥ ಮಿಲ್ಲುಗಳು ಬೆಳೆದದ್ದು ಆ ಮೇಲ್ಭಾಗದ ಭತ್ತದಿಂದಲೇ. ಅದನ್ನು ಮುಚ್ಚಿಡುವುದು ಬೇಡ.

ಯಾವಾಗ ನೀರು ಬಿಡಬೇಕು, ಎಷ್ಟು ದಿನ ಬಿಡಬೇಕು ಅಂತ ನೀರಾವರಿ ಸಲಹಾ ಸಮಿತಿ ತೀರ್ಮಾನ ಮಾಡುತ್ತದೆ. ಅದರಲ್ಲಿ ಶಾಸಕರೂ ಇರುತ್ತಾರೆ. ಸಭೆಯಲ್ಲಿ ತೀರ್ಮಾನ ಆದ ನೀರು ಕಾಲುವೆಯ ಮಟ್ಟ ತೋರಿಸುವ ಗೇಜಿನಲ್ಲಿ ಕಾಣಬೇಕಲ್ಲ? ನಮ್ಮ ಕಡೆ ಬೆಳಿಗ್ಗೆ ಎದ್ದು ಮೊದಲು ಕೇಳುವ ಮಾತೇ "ಗೇಜ್ ಎಷ್ಟೈತಿ?" ಅಂತ. ಆ ವರ್ಷ ಕೊನೆ ಭಾಗದ ಗೇಜ್ ದಿನದಿಂದ ದಿನಕ್ಕೆ ಇಳಿಯುತ್ತಾ ಬಂತು. ಅಲ್ಲಿ ಭತ್ತ ಹೊಡೆ ಬಿಚ್ಚುವ ಹೊತ್ತು. ಆ ಹೊತ್ತಿಗೆ ನೀರು ತಪ್ಪಿದರೆ ಕಾಳು ಜೊಳ್ಳು. ನೀರು ಎಲ್ಲಿ ಹೋಗುತ್ತಿದೆ ಅನ್ನುವುದು ಗುಟ್ಟೇನಲ್ಲ. ಮೇಲ್ಭಾಗದಲ್ಲಿ ಕಾಲುವೆಗೇ ಪೈಪು ಇಳಿಬಿಟ್ಟು ಪಂಪ್‌ಸೆಟ್ ಹಚ್ಚಿದ್ದರು, ಅಚ್ಚುಕಟ್ಟಿನಲ್ಲೇ ಇಲ್ಲದ ಎತ್ತರದ ಹೊಲಗಳಿಗೆ.

ಎಂಜಿನಿಯರ್ ಪಂಪ್‌ಸೆಟ್ಟಿನವರ ಪಟ್ಟಿ ತಂದು ಶಾಸಕರ ಮುಂದೆ ಇಟ್ಟರು. "ಪೊಲೀಸರು, ಕರೆಂಟಿನ ಜೆಸ್ಕಾಂನವರು ರೆಡಿ ಇದ್ದಾರೆ ಸರ್, ನೀವು ಹೂಂ ಅಂದರೆ ನಾಳೆ ಬೆಳಿಗ್ಗೆ ತೆಗೆಸುತ್ತೇವೆ" ಅಂದರು. ಕಾನೂನಿನ ಪ್ರಕಾರ ಶಾಸಕರ ಹೂಂ ಬೇಕಿಲ್ಲ. ಆದರೆ ಊರಲ್ಲಿ ನಡೆಯುವುದು ಹಾಗೆ. ಸಾವ್ಕಾರ್ರು ಪಟ್ಟಿಯನ್ನು ನನ್ನ ಕಡೆ ಸರಿಸಿದರು. ನಾನು ಒಂದೊಂದೇ ಹೆಸರು ಓದಿದೆ. ಖಾತೆ ಪುಸ್ತಕ ತೆಗೆಯುವ ಅಗತ್ಯವೇ ಬೀಳಲಿಲ್ಲ, ಪುಟದ ನಂಬರು ಸಮೇತ ನನಗೆ ಬಾಯಿಪಾಠ. ಅರ್ಧಕ್ಕಿಂತ ಜಾಸ್ತಿ ನಮ್ಮ ಉದ್ರಿಯವರೇ. ಆ ಎತ್ತರದ ಹೊಲದ ಭತ್ತ ಬಂದರೆ ನಮ್ಮ ಉದ್ರಿ ಬರುತ್ತದೆ. ಪಂಪ್‌ಸೆಟ್ ತೆಗೆದರೆ ಆ ಭತ್ತ ಇಲ್ಲ. ಉದ್ರಿ ಬರದಿದ್ದರೆ ಸಿಸಿ ಖಾತೆ ಕಟ್ಟಲಿಕ್ಕಾಗಲ್ಲ, ಅದಕ್ಕೆ ಜಾಮೀನು ಇವರದೇ. ಸಾವ್ಕಾರ್ರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು. ಅವರು ಎಂಜಿನಿಯರ್‌ಗೆ, "ಎರಡು ದಿನ ನೋಡೂಣ್ರಿ, ಮೇಲಿನವರಿಗೆ ನಾನೇ ಮಾತಾಡ್ತೀನಿ" ಅಂದರು.

ಮಾತಾಡಿದರು, ನಿಜ. ರಾತ್ರಿ ಹನ್ನೊಂದರವರೆಗೆ ಫೋನು. ಯಾರೂ ಪಂಪು ಎತ್ತಲಿಲ್ಲ. ಅಣ್ಣಾರು ನಮ್ಮವರು, ನಮ್ಮ ಭತ್ತ ಅವರಿಗೇ ಬರುವುದು, ತೆಗೆಸಲಿಕ್ಕಿಲ್ಲ ಅನ್ನುವ ಧೈರ್ಯ ಅವರಿಗೆ. ಆ ಧೈರ್ಯ ಕೊಟ್ಟದ್ದು ನಮ್ಮ ಖಾತೆ ಪುಸ್ತಕ.

ಎರಡನೇ ದಿನ ಬೆಳಿಗ್ಗೆ ಏಳಕ್ಕೆ ಕೊನೆ ಭಾಗದ ಹಳ್ಳಿಯಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದರು. ಕಚೇರಿಗಲ್ಲ, ಮಿಲ್ಲಿಗೆ. ಅವರಲ್ಲಿ ಐವತ್ತು ದಾಟಿದ ಒಬ್ಬ ಅಕ್ಕ ಇದ್ದರು. ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದರು. ಮಾತಾಡದೆ ನೆಟ್ಟಗೆ ಹೋಗಿ ವೇ ಬ್ರಿಡ್ಜ್ ಮೇಲೆ ನಿಂತು, ಸೆರಗು ಬಿಚ್ಚಿ, ಬುಡಸಮೇತ ಕಿತ್ತ ಭತ್ತದ ಕಟ್ಟೊಂದನ್ನು ಅಲ್ಲಿಟ್ಟರು. ಎಲೆ ಸುರುಳಿ ಸುತ್ತಿತ್ತು. ಹೊಡೆ ಒಳಗೇ ಒಣಗಿತ್ತು. ನಾನು ಕೂತಿದ್ದ ಕೋಣೆಯ ಡಬ್ಬಿಯಲ್ಲಿ ಕೆಂಪು ಅಂಕಿ 50 ಅಂತ ತೋರಿಸುತ್ತಿತ್ತು, ಅದು ಅವರ ತೂಕ. ಕೆಳಗಿಳಿದರು. ಅಂಕಿ 0 ಆಯಿತು. ಲಾರಿ ತೂಗುವ ಯಂತ್ರಕ್ಕೆ ಒಂದು ಹಿಡಿ ಬೆಳೆ ಕಾಣಲ್ಲ.

"ಎಷ್ಟ್ ಬಂತ್ರಿ?" ಅಂತ ಕೇಳಿದರು ನನ್ನನ್ನು. ನಾನು ಸುಮ್ನಿದ್ದೆ. ಆಮೇಲೆ ಗಾದಿ ಕಡೆ ತಿರುಗಿ, "ಅಣ್ಣಾರ, ನಮ್ಮ ಹೆಸರು ನಿಮ್ಮ ಪುಸ್ತಕದಾಗ ಇಲ್ಲ, ಅದಕ್ಕ ನಿಮಗ ನಮ್ಮ ಸುದ್ದಿ ಮುಟ್ಟಂಗಿಲ್ಲ" ಅಂದರು.

ನಿಜವೇ. ಕೊನೆ ಭಾಗದವರಿಗೆ ನಾವು ಉದ್ರಿ ಕೊಡುತ್ತಿರಲಿಲ್ಲ. ನೀರಿನ ಭರವಸೆ ಇಲ್ಲದ ಹೊಲಕ್ಕೆ ಯಾವ ವ್ಯಾಪಾರಿಯೂ ಕೊಡಲ್ಲ. ಹಾಗಾಗಿ ಬೆಳಿಗ್ಗೆ ಆರಕ್ಕೆ ಮಿಲ್ಲಿಗೆ ಬಂದು ಗಾದಿ ಪಕ್ಕ ಕೂತು ಚಹಾ ಕುಡಿಯುವ ಸಲಿಗೆ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ವೋಟು ಮಾತ್ರ ಅವರೂ ಹಾಕಿದ್ದರು.

ಸಾವ್ಕಾರ್ರು ಎದ್ದು ಹೋಗಿ ಆ ಕಟ್ಟನ್ನು ಎತ್ತಿಕೊಂಡರು. ಅಭ್ಯಾಸ ನೋಡಿ, ತೆನೆ ಬಿಡಿಸಿ ಒಂದು ಕಾಳು ಹಲ್ಲಿಗಿಟ್ಟರು. ಏನೂ ಇರಲಿಲ್ಲ ಒಳಗೆ. ಅಲ್ಲೇ ನಿಂತು ಎಂಜಿನಿಯರ್‌ಗೆ ಫೋನ್ ಹಚ್ಚಿದರು. "ತೆಗೆಸ್ರಿ. ಇವತ್ತ ತೆಗೆಸ್ರಿ. ನಾನೂ ಬರ್ತೀನಿ."

ಅವರೇ ಮುಂದೆ ನಿಂತರು. ಕಾಲುವೆ ಏರಿ ಮೇಲೆ ಸಂಜೆವರೆಗೆ ನಡೆದರು. ನಮ್ಮ ಖಾತೆಯ ಒಬ್ಬ ಹಿರಿಯ ರೈತರು ತಮ್ಮ ಪಂಪ್‌ಸೆಟ್ಟಿನ ಮುಂದೆ ನಿಂತು, "ಇಪ್ಪತ್ತು ವರ್ಷ ನಿಮ್ಮ ಮಿಲ್ಲಿಗೇ ಹಾಕೀನಿ ಸಾವ್ಕಾರ್ರೆ" ಅಂದಾಗ ಸಾವ್ಕಾರ್ರು ಕೈ ಮುಗಿದರು, ಆದರೆ ಪೈಪು ತೆಗೆಸಿದರು. ಅವರ ಬದುಕಿನಲ್ಲಿ ಅವತ್ತಿಗಿಂತ ದೊಡ್ಡ ದಿನ ನಾನು ನೋಡಿಲ್ಲ. ನೀರು ಕೊನೆ ಭಾಗದ ಉಪಕಾಲುವೆಗೆ ಬಂದದ್ದು ಆರನೇ ದಿನಕ್ಕೆ. ಸುಮಾರು ಅರ್ಧ ಬೆಳೆ ಉಳಿಯಿತು. ಎರಡು ದಿನ ಮೊದಲೇ ತೆಗೆಸಿದ್ದರೆ ಇನ್ನೆಷ್ಟು ಹೊಲ ಉಳಿಯುತ್ತಿತ್ತು ಅನ್ನುವುದನ್ನು ಆ ಹಳ್ಳಿಯವರು ಹೊಲದ ಹೆಸರು ಹಿಡಿದು ಹೇಳುತ್ತಾರೆ. ಆ ಅಕ್ಕನ ಹೊಲ ಉಳಿಯಲಿಲ್ಲ.

ಡಿಸೆಂಬರ್‌ನಲ್ಲಿ ಮೇಲ್ಭಾಗದ ಭತ್ತದ ಲಾರಿಗಳು ನಮ್ಮ ಗೇಟಿನ ಮುಂದೆಯೇ ಹಾದು ಬೇರೆ ಮಿಲ್ಲಿಗೆ ಹೋದವು. ಉದ್ರಿಯಲ್ಲಿ ಅರ್ಧದಷ್ಟೂ ಬರಲಿಲ್ಲ. ಮುಂದಿನ ವರ್ಷ ಬ್ಯಾಂಕು ತಾನಾಗಿಯೇ ಲಿಮಿಟ್ ಇಳಿಸಿತು. ಹಿಂದಿನ ಗೋದಾಮು ಮಾರಬೇಕಾಯಿತು. ಹಮಾಲರಿಗೆ ಕೆಲಸ ಕಡಿಮೆ ಆಯಿತು. ಅವರಿಗೆ ನೀರಿನ ಜಗಳ ಸಂಬಂಧವೇ ಇರಲಿಲ್ಲ, ಆದರೂ ಅವರ ಮನೆಗೆ ಅದರ ಬಿಸಿ ಮೊದಲು ತಟ್ಟಿತು. ಚುನಾವಣೆ ಬಂದಾಗ ಮೇಲ್ಭಾಗದವರು "ನಮ್ಮ ಭತ್ತದಿಂದ ಬೆಳೆದು ನಮ್ಮ ಹೊಟ್ಟೆಗೇ ಹೊಡೆದ್ರು" ಅಂದರು. ಕೊನೆ ಭಾಗದವರು "ಬಂದ್ರು ಖರೆ, ತಡಾ ಮಾಡಿ ಬಂದ್ರು" ಅಂದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ನಾನು ಬೂತಿನ ಲೆಕ್ಕ ಬರೆಯುವಾಗ ಕಾಲುವೆ ಪಕ್ಕದ ಬೂತುಗಳನ್ನೇ ಮೊದಲು ನೋಡಿದೆ, ಎರಡೂ ತುದಿಯಲ್ಲಿ ಮತ ಇಳಿದಿತ್ತು.

ಆ ಎರಡು ದಿನದ ಬಗ್ಗೆ ಸಾವ್ಕಾರ್ರ ಜೊತೆ ಎಷ್ಟೋ ಸಲ ಮಾತಾಡಿದ್ದೇನೆ. ಅವರು ಹೆದರಿದವರಲ್ಲ. ದುಡ್ಡಿನ ಆಸೆಯೂ ಅಲ್ಲ. ಮಿಲ್ಲಿನ ಗಾದಿ ಮೇಲೆ ಕೂತು ಪಟ್ಟಿ ನೋಡಿದ್ದರಿಂದ ಮಿಲ್ಲಿನವರಾಗಿ ನೋಡಿದರು. ಅದೇ ಪಟ್ಟಿಯನ್ನು ಯಾವ ಖಾತೆಯೂ ಇಲ್ಲದ ಮನುಷ್ಯ ನೋಡಿದ್ದರೆ ಆ ಕ್ಷಣವೇ ಹೂಂ ಅನ್ನುತ್ತಿದ್ದ. ಅವರೂ ಇದನ್ನು ಒಪ್ಪುತ್ತಾರೆ. ಬ್ಯಾಂಕಿನ ಜಾಮೀನು ಪತ್ರ ಅವರ ಕೈಗೆ ತಿರುಗಿ ಬಂದದ್ದು ಸೋತ ಎರಡು ವರ್ಷದ ಮೇಲೆ. ಮಗ ಈಗ ಸಣ್ಣದಾಗಿ ಮಿಲ್ಲು ನಡೆಸುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಗಿ, ತುಂಬಿದ ನೀರು ಹರಿದುಹೋಗುತ್ತಿರುವ ಸುದ್ದಿ ಬಂದಾಗ ಸಾವ್ಕಾರ್ರು ನನಗೆ ಫೋನ್ ಮಾಡಿದರು. ಮಿಲ್ಲಿನ ಮಾತು ಆಡಲಿಲ್ಲ. "ಎರಡನೇ ಬೆಳಿ ಬಿಡು, ಕೊನೆ ಭಾಗಕ್ಕ ಮೊದಲನೇದರ ಸಿಗಬೇಕಲ್ಲೋ" ಅಂದರು.

ಗೊಬ್ಬರದಂಗಡಿ ಹುಡುಗನಿಗೆ ಇಷ್ಟನ್ನೂ ಹೇಳಿದೆ. ನಿಲ್ಲಬೇಡ ಅನ್ನಲಿಲ್ಲ. ವ್ಯಾಪಾರ ಗೊತ್ತಿರುವವರು ವಿಧಾನಸಭೆಗೆ ಬೇಕು, ಮೂರನೇ ಕಾಲಂ ಕೇಳುವವರು ಬೇಕು. ಆದರೆ ಅಂಗಡಿಯನ್ನು ನಾಮಪತ್ರದ ಹಿಂದಿನ ವಾರ ಹೆಂಡತಿ ಹೆಸರಿಗೆ ಮಾಡಿದರೆ ಆಗಲ್ಲ ಅಂದೆ. 2018ರಿಂದ ಅಭ್ಯರ್ಥಿಯ ಅಫಿಡವಿಟ್‌ನಲ್ಲಿ ಹೆಂಡತಿ, ಅವಲಂಬಿತರು, ಪಾಲುದಾರಿಕೆ ಸಂಸ್ಥೆ ಸಮೇತ ಸರ್ಕಾರದ ಜೊತೆಗಿನ ಕರಾರುಗಳನ್ನು ಹೇಳಬೇಕು. ಅದು ಸುಲಭ. ಕಷ್ಟದ್ದು ಬೇರೆ. ಅಂಗಡಿಯನ್ನು ಪೂರ್ತಿ ಬೇರೆಯವರಿಗೆ ಲೀಜಿಗೆ ಕೊಡು, ಜಾಮೀನು ಬಿಡಿಸಿಕೋ, ಉದ್ರಿ ಪುಸ್ತಕದಲ್ಲಿ ಒಂದು ಹೆಸರೂ ಉಳಿಯಬಾರದು, ವಸೂಲಿ ಆಗದ್ದನ್ನು ಬಿಟ್ಟುಬಿಡು, ಬಿಟ್ಟೆ ಅಂತ ಅವರಿಗೆ ಹೇಳಿಬಿಡು ಅಂದೆ. ಅಭ್ಯರ್ಥಿಯ ಚುನಾವಣೆ ಖರ್ಚಿನ ಮಿತಿ 2022ರಲ್ಲಿ 28 ಲಕ್ಷದಿಂದ 40 ಲಕ್ಷಕ್ಕೆ ಏರಿದೆ ಅಂತ ಅವನು ಖುಷಿಯಿಂದ ಹೇಳಿದ. ಅದಲ್ಲ, ನಿನ್ನ ಉದ್ರಿ ಎಷ್ಟಿದೆ ಹೇಳು ಅಂದೆ.

ಮರುದಿನ ಅವನು ಪುಸ್ತಕ ತಂದ. ಕೆಂಪು ಬಟ್ಟೆ ಹೊದಿಕೆಯ ಉದ್ದ ಪುಸ್ತಕ, ನಮ್ಮದರ ಥರದ್ದೇ. ಇಬ್ಬರೂ ಕೂತು ಒಂದೊಂದೇ ಪುಟ ಕೂಡಿದೆವು. ಮಧ್ಯಾಹ್ನ ಆಯಿತು. ಕೊನೆಯ ಮೊತ್ತ ನೋಡಿ ಅವನು ಬಹಳ ಹೊತ್ತು ಮಾತಾಡಲಿಲ್ಲ.

"ಕಾಕಾ, ಇದನ್ನೆಲ್ಲ ಚುಕ್ತಾ ಮಾಡಬೇಕಂದ್ರ ಇನ್ನೂ ಎರಡು ಸುಗ್ಗಿ ಬೇಕು."

"ಬೇಕು" ಅಂದೆ.